ಕೆಸರು ಮೆತ್ತುವ ಕಲ್ಲು

ಆ ಕಲ್ಲಿಗೆ ಹೆಸರು ಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹುಲ್ಲಹಳ್ಳಿ ನಾಲೆಯ ಪಕ್ಕ, ನಮ್ಮ ಗದ್ದೆಯ ಬದುವಿನ ಮೇಲೆ, ಬೇವಿನ ಮರದ ಬುಡದಲ್ಲಿ ಮೊಣಕಾಲುದ್ದದ ಒಂದು ಕಲ್ಲಿತ್ತು. ಕಣ್ಣು ಮೂಗು ಏನೂ ಇರಲಿಲ್ಲ. ನಾಟಿಯ ದಿನ ಹೆಂಗಸರು ಗದ್ದೆಗಿಳಿದು, ಮೊದಲ ಹಿಡಿ ಕೆಸರನ್ನು ತಂದು ಅದಕ್ಕೆ ಮೆತ್ತಿ, ಮುಂದೆ ಒಂದು ಕಟ್ಟು ಪೈರು ಇಟ್ಟು, ಆಮೇಲೆ ನೆಡಲು ಬಾಗುತ್ತಿದ್ದರು. ಮಂತ್ರವಿಲ್ಲ, ಗಂಟೆಯಿಲ್ಲ. ಕೊರಳ ಲಿಂಗವನ್ನು ದಿನವೂ ಅಂಗೈಯಲ್ಲಿಟ್ಟು ಪೂಜಿಸುವ ನನ್ನ ಅತ್ತೆ ಸಿದ್ದಲಿಂಗಮ್ಮನವರೂ ಐವತ್ತು ವರ್ಷದಿಂದ ಹಾಗೇ ಮಾಡಿದವರು. ಮದುವೆಯಾದ ಹೊಸದರಲ್ಲಿ ಅದರ ಹೆಸರೇನೆಂದು ಕೇಳಿದ್ದೆ. ಅವ್ವ ಅಂತೀವಿ, ಹೆತ್ತವ್ವನನ್ನ ಯಾರಾದ್ರೂ ಹೆಸರಿಡಿದು ಕರೀತಾರಾ ಎಂದು ನಕ್ಕಿದ್ದರು.

ಮೂರು ವರ್ಷದ ಹಿಂದೆ ಗುಡಿ ಕಟ್ಟುವ ಮಾತು ಬಂತು. ನನ್ನ ಗಂಡ ಬಸವೇಶ್, ಗುಡಿ ಸಮಿತಿಯ ಕಾರ್ಯದರ್ಶಿ. ಕರಪತ್ರ ಬರೆಯಲು, ಮೈಸೂರಿನಲ್ಲಿ ಇತಿಹಾಸ ಓದಿ ಬಂದ ನಾನಿದ್ದೆ. ಓದಿದವರು ನಗಬಾರದು, ಊರಿನವರು ಬೇಸರ ಪಡಬಾರದು ಎಂದು ನಾಲ್ಕು ದಿನ ಯೋಚಿಸಿ 'ಶ್ರೀ ಸಸ್ಯಗೌರಿ ಅಮ್ಮನವರು' ಎಂದು ಬರೆದೆ. ಎಲ್ಲರಿಗೂ ಹಿಡಿಸಿತು. ಹೆಸರು ಬಂದ ಮೇಲೆ ಮುಖ ಬೇಕೆನಿಸಿ ಹಿತ್ತಾಳೆಯ ಮುಖವಾಡ ಬಂತು. ಮುಖ ಬಂದ ಮೇಲೆ ಗೋಡೆ, ಕಬ್ಬಿಣದ ಬಾಗಿಲು, ಸೋಮವಾರ ಮತ್ತು ಶುಕ್ರವಾರ ತಿ. ನರಸೀಪುರದಿಂದ ಬಸ್ಸಿನಲ್ಲಿ ಬರುವ ಅರ್ಚಕರು. ಒಳಗೆ ಅವರೊಬ್ಬರೇ ಹೋಗತಕ್ಕದ್ದೆಂದಾಯಿತು.

ಬಿ.ಎ. ಪರೀಕ್ಷೆಯಲ್ಲಿ ನಾನು ಬರೆದದ್ದೂ ಇದನ್ನೇ. ಮನುಷ್ಯ ಮೊದಲು ಕಲ್ಲು ಮರಗಳಿಗೆ ಕೈ ಮುಗಿದ, ಆಮೇಲೆ ಅವಕ್ಕೆ ರೂಪ ಕೊಟ್ಟ, ಹೆಸರಿಟ್ಟ, ಮನೆ ಕಟ್ಟಿದ. ಒಳ್ಳೆಯ ಅಂಕ ಬಂದಿತ್ತು. ಸಾವಿರಾರು ವರ್ಷ ಹಿಡಿದಿತ್ತೆಂದು ಓದಿದ್ದು ನಮ್ಮ ಬದುವಿನ ಮೇಲೆ ಎಂಟೇ ತಿಂಗಳಲ್ಲಿ ಮುಗಿಯಿತು. ಒಂದೊಂದು ಹಂತದಲ್ಲೂ ಯಾರೋ ಒಬ್ಬರು ಹೊರಗೆ ನಿಲ್ಲಬೇಕಾಗುತ್ತದೆಂದು ಪುಸ್ತಕದಲ್ಲಿ ಇರಲಿಲ್ಲ.

ಗುಡಿಯ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಕಳೆದುಹೋದೀತೆಂದು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದೆ. ಗುಡಿಯಾದ ಮೇಲಿನ ಮೊದಲ ನಾಟಿ ಒಂದು ಬುಧವಾರ. ನಾನು ಆಳುಗಳಿಗೆ ತಿಂಡಿ ಹೊತ್ತು ಗದ್ದೆಗೆ ಹೋದಾಗ ಅತ್ತೆ ಗುಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ಬಲಗೈಯಲ್ಲಿ ಕೆಸರು, ಎಡಗೈಯಲ್ಲಿ ಪೈರಿನ ಕಟ್ಟು.

"ಬಾಗ್ಲು ತಗಿ ಮಗ. ಕೈ ಒಣಗ್ತಾ ಅದೆ."

ಬೀಗದ ಕೈ ಸೊಂಟದಲ್ಲೇ ಇತ್ತು. ಒಳಗೆ ಕೆಸರು ಬಿದ್ದರೆ ಅರ್ಚಕರು ಏನೆನ್ನುತ್ತಾರೋ, ಮತ್ತೆ ಶುದ್ಧಿ ಮಾಡಿಸಬೇಕೆಂದರೆ ಸಮಿತಿಯವರು ಬಸವೇಶ್ ಅವರನ್ನು ಏನು ಕೇಳುತ್ತಾರೋ ಎಂದು ಲೆಕ್ಕ ಹಾಕುತ್ತಾ ನಿಂತೆ.

"ಶುಕ್ರವಾರ ಅರ್ಚಕರು ಬರ್ತಾರಲ್ಲ ಅತ್ತೆ, ಒಂದು ಮಾತು ಕೇಳಿಬಿಡೋಣ" ಎಂದೆ.

"ಅವ್ವನ್ನ ಮುಟ್ಟಕ್ಕೂ ಅಪ್ಪಣೆ ಬೇಕಾ? ಅವಳೇನು ತಾಸೀಲ್ದಾರ್ರಾ?"

ಗದ್ದೆಯಲ್ಲಿದ್ದ ನಾಟಿಯಾಳು ಮರಿತಾಯಮ್ಮ ಕಿಸಕ್ಕನೆ ನಕ್ಕಳು. ಅತ್ತೆಯೂ ನಕ್ಕರು. ತಮಾಷೆಯಲ್ಲೇ ಮುಗಿಯಿತೆಂದು ನನಗೆ ನಿರಾಳವಾಯಿತು. ಅವರು ಸ್ವಲ್ಪ ಹೊತ್ತು ಕಂಬಿಯ ಸಂದಿಯಿಂದ ಒಳಗೆ ನೋಡಿದರು. ಆಮೇಲೆ ಪೈರನ್ನು ಮೆಟ್ಟಿಲ ಮೇಲಿಟ್ಟು, ನಾಲೆಗೆ ಹೋಗಿ ಕೈ ತೊಳೆದುಕೊಂಡರು. ಬೆರಳ ಸಂದಿಯ ಕೆಸರು ಒಣಗಿತ್ತು, ತುಂಬ ಹೊತ್ತು ಉಜ್ಜಿದರು.

ಶುಕ್ರವಾರ ಅರ್ಚಕರನ್ನು ಕೇಳಿದೆ. ಹಾಲು, ನೀರಾದರೆ ನಾನೇ ಹಾಕುತ್ತೇನೆ ತಾಯಿ, ಕೆಸರು ಬೇಡ ಎಂದು ಮೆತ್ತಗೇ ಹೇಳಿದರು. ಅತ್ತೆಗೆ ತಿಳಿಸಿದೆ. ಅವರು ಹ್ಞೂಂಗುಟ್ಟಿದರು. ಮರುವರ್ಷ ಗುಡಿಯ ಕಡೆ ಹೋಗಲಿಲ್ಲ.

ಈ ವರ್ಷ ನಾಟಿಯ ದಿನ ನಾನು ಯಾರನ್ನೂ ಕೇಳಲಿಲ್ಲ. ಎಲ್ಲರಿಗಿಂತ ಮೊದಲು ಹೋಗಿ ಬೀಗ ತೆಗೆದು ಬಾಗಿಲು ಅಗಲವಾಗಿ ತೆರೆದೆ. ಒಳಗೆ ಕಲ್ಲು ಕಾಣಲಿಲ್ಲ. ಮೇಲೆ ಹಿತ್ತಾಳೆಯ ಮುಖ, ಅದರ ಕೆಳಗೆ ಸೀರೆ, ಸೀರೆ ಸರಿಸಿದರೆ ಕಲ್ಲಿನ ಸುತ್ತ ಕಟ್ಟಿದ ಕಟ್ಟೆಯ ಟೈಲ್ಸು. ಟೈಲ್ಸಿಗೂ ಮುಖವಾಡಕ್ಕೂ ನಡುವೆ ಎರಡು ಬೆರಳಷ್ಟು ಕಲ್ಲು ಉಳಿದಿತ್ತು. ಕೆಸರು ಮೆತ್ತಲು ಅಷ್ಟು ಸಾಕು ಎನಿಸಿತು. ಮೆಟ್ಟಿಲಿಗೆ ಬಂದು ಅತ್ತೆಯನ್ನು ಕರೆದೆ.

ಅವರು ಆಗಲೇ ಗದ್ದೆಯಲ್ಲಿ ಬಾಗಿ ಮೊದಲ ಸಾಲು ನೆಡುತ್ತಿದ್ದರು. ತಲೆಯೆತ್ತಿ ತೆರೆದ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ನಾಟಿ ತಡವಾಯ್ತದೆ. ಬೀಗ ಆಕ್ಕೊಂಡು ಬಾ ಮಗ" ಎಂದರು.

ಬೀಗ ಹಾಕಿಕೊಂಡು ಗದ್ದೆಗಿಳಿದೆ.