ಶಕುಂತಲಮ್ಮ ಬರಹೇಳಿದ್ದ ಹುಡುಗಿ

"ಬೆನ್ನಿನ ಕಡೆ ಇನ್ನೊಂದು ಚೊಂಬು ಹುಯ್ಯಮ್ಮ," ಎಂದು ಪಿಳ್ಳಮ್ಮ ಹೇಳಿದಾಗ ಅನಿತ ಮತ್ತೆ ಹಂಡೆಗೆ ಚೊಂಬು ಅದ್ದಿದಳು. ಮನೆಯ ಮುಂದೆ ನಾಲ್ಕು ಹೆಂಗಸರು ಹಳೆಯ ಸೀರೆಗಳನ್ನು ಅಡ್ಡ ಹಿಡಿದು ಮರೆ ಮಾಡಿದ್ದರು. ಅದರೊಳಗೆ ಅವಳ ಅತ್ತೆ ಶಕುಂತಲಮ್ಮನನ್ನು ಹಲಗೆಯ ಮೇಲೆ ಒರಗಿಸಿ ಕೂರಿಸಿದ್ದರು. ಹಿಂದಿನ ದಿನ ಸಂಜೆ ಮಗ್ಗದ ಶೆಡ್ಡಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತವರು ಎದ್ದಿರಲಿಲ್ಲ. ಸುಸ್ತಾಗಿ ಕೂತಿದ್ದಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಮಗ್ಗಗಳು ಓಡುತ್ತಲೇ ಇದ್ದವು.

ಗಂಡ ಇರುವಾಗಲೇ ಹೋದ ಹೆಂಗಸಾದ್ದರಿಂದ ಅರಿಶಿನಕ್ಕೆ ಲೋಪವಿರಲಿಲ್ಲ. ಪಿಳ್ಳಮ್ಮ ಸತ್ತವರ ಗಂಡನ ಅಕ್ಕ. ಇಂಥ ಕೆಲಸಗಳಲ್ಲಿ ಅವರ ಮಾತೇ ನಡೆಯುತ್ತಿತ್ತು.

"ಮುಖಕ್ಕೆ ಚೆನ್ನಾಗಿ ಹಚ್ರೇ," ಎಂದರು ಅವರು. "ಆವತ್ತು ಬಳ್ಕೊಂಡಿದ್ದ ಹುಲಿ ಬಣ್ಣದ ದೋಷ ಆದ್ರೂ ಹೋಗ್ಲಿ."

ಸೀರೆ ಹಿಡಿದಿದ್ದವರಲ್ಲಿ ಇಬ್ಬರು ಅನಿತಳ ಕಡೆ ನೋಡಿ ತಲೆ ತಗ್ಗಿಸಿದರು. ಅನಿತ ನೀರು ಹುಯ್ದಳು.

ಆಗ ಬೀದಿಯಲ್ಲಿ ಒಂದು ಸ್ಕೂಟಿ ನಿಂತಿತು. ಅದರ ಮೇಲಿದ್ದ ಹುಡುಗಿಯ ಕಾಲ ಬಳಿ ಒಂದು ಸಣ್ಣ ಸೂಟ್‌ಕೇಸಿತ್ತು. ತಿರುವಿನಿಂದಲೇ ಶಾಮಿಯಾನ ಕಂಡು ಸಂಭ್ರಮದ ಮನೆಯೆಂದೇ ಬಂದಿರಬೇಕು; ಹತ್ತಿರ ಬಂದ ಮೇಲೆ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದವರನ್ನು ನೋಡಿ ಹೆಲ್ಮೆಟ್ ತೆಗೆಯುವುದನ್ನೂ ಮರೆತು ಕೂತಿದ್ದಳು. ಸೀರೆಯ ಸಂದಿಯಿಂದ ಅನಿತ ನೋಡಿದಳು. ಅಕ್ಷತ. ಎರಡು ವಾರದ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ಮಕ್ಕಳ ಮುಖಕ್ಕೆ ಚಿತ್ರ ಬರೆಯಲು ತಾನೇ ದೇವನಹಳ್ಳಿಯಿಂದ ಕರೆಸಿದ್ದ ಹುಡುಗಿ.

"ಯಾರಮ್ಮ ಅದು?" ಎಂದು ಪಿಳ್ಳಮ್ಮ ಕೇಳಿದರು.

"ನನ್ ಜೊತೆ ಕೆಲ್ಸ ಮಾಡೋಳು, ದೊಡ್ಡಮ್ಮ."

ಆ ಸುಳ್ಳು ಯಾಕೆ ಬಂತೋ ಅನಿತಳಿಗೇ ತಿಳಿಯಲಿಲ್ಲ.

* * *

ಅನಿತ ದೇವನಹಳ್ಳಿ ಹತ್ತಿರದ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿನ ಸಹೋದ್ಯೋಗಿಯೊಬ್ಬಳ ಮನೆಯ ಪಾರ್ಟಿಯಲ್ಲಿ ಅಕ್ಷತಳನ್ನು ಕಂಡಂದಿನಿಂದ ಮಗಳು ಧನುಶ್ರೀ ಒಂದೇ ಹಟ ಹಿಡಿದಿದ್ದಳು: ಆರನೇ ಹುಟ್ಟುಹಬ್ಬಕ್ಕೆ ಆ ಅಕ್ಕ ಬರಬೇಕು, ತನಗೆ ಚಿಟ್ಟೆ ಬರೆಯಬೇಕು.

ಮಾವ ವೆಂಕಟರಮಣಪ್ಪನವರಿಗೆ ಅದು ತಲೆಗೇ ಹೋಗಲಿಲ್ಲ. "ಮುಖಕ್ಕೆ ಬಣ್ಣ ಬಳಿಯಾಕೆ ದೇವನಹಳ್ಳಿಯಿಂದ ಜನ ಬರ್ಬೇಕಾ? ದೊಡ್ಡಬಳ್ಳಾಪುರದಾಗೆ ಬಣ್ಣಕ್ಕೆ ಬರ ಬಂತಾ?"

"ಕರೆಸ್ಲಿ ಬಿಡಿ," ಎಂದಿದ್ದರು ಶಕುಂತಲಮ್ಮ, ಶೆಡ್ಡಿನ ಬಾಗಿಲಲ್ಲಿ ನಿಂತು. ಮನೆಯ ತೀರ್ಮಾನವೊಂದರಲ್ಲಿ ಅವರ ದನಿ ಕೇಳಿದ್ದು ಅಪರೂಪ. ಮಾವ ಹೆಂಡತಿಯನ್ನೊಮ್ಮೆ ನೋಡಿ ಮಗ್ಗಕ್ಕೆ ಮರಳಿದ್ದರು.

ಪಾರ್ಟಿ ತಾರಸಿಯ ಮೇಲೆ ನಡೆಯಿತು. ಹನ್ನೆರಡು ಮಕ್ಕಳು ಸಾಲಾಗಿ ಕೂತು ಬೆಕ್ಕಾದರು, ಮೊಲವಾದರು, ಚಿಟ್ಟೆಯಾದರು. ಭಾನುವಾರವಾದರೂ ಕೆಳಗೆ ಎರಡು ಮಗ್ಗ ಓಡುತ್ತಿದ್ದವು. ಶಕುಂತಲಮ್ಮ ಶರಬತ್ತು ತಂದುಕೊಟ್ಟು ಹೋಗುವುದರ ಬದಲು ನೀರಿನ ಟ್ಯಾಂಕಿಗೆ ಒರಗಿ ನೋಡುತ್ತ ನಿಂತರು. ಕೊನೆಯ ಮಗು ಎದ್ದು ಅಕ್ಷತ ಬ್ರಷ್ಷು ತೊಳೆಯಲು ಹೊರಟಾಗ, ಬಂದು ಆ ಪುಟ್ಟ ಸ್ಟೂಲಿನ ಮೇಲೆ ಕೂತೇಬಿಟ್ಟರು.

"ನಂಗೂ ಒಂದು ಬರಿಯಮ್ಮ."

"ಏನ್ ಬರೀಲಿ ಅಜ್ಜಿ? ಕೆನ್ನೆ ಮೇಲೊಂದು ಹೂವಾ?"

"ಹುಲಿ ಬರಿ. ಪೂರ್ತಿ ಮುಖ. ಒಂಚೂರೂ ಬಿಡಬೇಡ."

ಮಕ್ಕಳು ಕೇಕೆ ಹಾಕಿದರು. ಅಕ್ಷತ ಇಪ್ಪತ್ತು ನಿಮಿಷ ಬರೆದಳು. ಹಳದಿ, ಅದರ ಮೇಲೆ ಕರಿ ಪಟ್ಟೆ, ಬಾಯಿಯ ಸುತ್ತ ಬಿಳಿ. ಶಕುಂತಲಮ್ಮ ಕಣ್ಣು ಮುಚ್ಚಿ, ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದರು. ಒಂಬತ್ತು ವರ್ಷದಲ್ಲಿ ಅತ್ತೆಯ ಕೈಗಳು ಇಷ್ಟು ಹೊತ್ತು ಖಾಲಿ ಇದ್ದುದನ್ನು ತಾನು ನೋಡಿಯೇ ಇಲ್ಲ ಎಂದು ಅನಿತಳಿಗೆ ಅನಿಸಿತು.

ಕೇಕ್ ಕತ್ತರಿಸುವ ಹೊತ್ತಿಗೆ ಅವರಿರಲಿಲ್ಲ. ಅಡುಗೆಮನೆಯಲ್ಲಿಲ್ಲ, ಶೆಡ್ಡಿನಲ್ಲಿಲ್ಲ. ಅನಿತಳ ಗಂಡ ರಾಜೇಂದ್ರ ಬೈಕು ತೆಗೆದುಕೊಂಡು ಬೀದಿ ಬೀದಿ ಸುತ್ತಿದ. ವೆಂಕಟರಮಣಪ್ಪನವರು ಮಗ್ಗ ನಿಲ್ಲಿಸಿ ಜಗಲಿಯ ಮೇಲೆ ಬಂದು ಕೂತರು. ಮುಸ್ಸಂಜೆಗೆ ಶಕುಂತಲಮ್ಮ ನಡೆದುಕೊಂಡೇ ಬಂದರು. ಹುಲಿ ಬೆವರಿಗೆ ಕರಗಿ ಕತ್ತಿನವರೆಗೂ ಇಳಿದಿತ್ತು.

"ಎಲ್ಲಿಗ್ ಹೋಗಿದ್ದೆ?"

"ಬಸ್‌ಸ್ಟ್ಯಾಂಡಿಗೆ."

"ಯಾಕೆ?"

"ಸುಮ್ನೆ."

ಮಾವ ಕೈ ಎತ್ತುವ ಮನುಷ್ಯನಲ್ಲ, ಎತ್ತಲೂ ಇಲ್ಲ. ಮಗನನ್ನು ಕರೆದು, ಅನಿತಳಿಗೆ ಕೇಳಿಸುವಂತೆ, "ಇಂಥವೆಲ್ಲ ಇನ್ನು ಈ ಮನೇಲಿ ಬೇಡ ಅಂತ ನಿನ್ ಹೆಂಡ್ತಿಗೆ ಹೇಳು," ಎಂದರು. ಹೆಂಡತಿಯ ಜೊತೆ ನಾಲ್ಕು ದಿನ ಮಾತಾಡಲಿಲ್ಲ.

ಆ ಸಂಜೆ ಬಚ್ಚಲಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದಾಗ ಶಕುಂತಲಮ್ಮ ಸೊಸೆಗೆ ಹೇಳಿದರು: "ಮದ್ವೆ ಆಗಿ ಬಂದು ನಲವತ್ತೊಂದು ವರ್ಷ ಆಯ್ತು ಕಣಮ್ಮ. ಈ ಬೀದಿ ದಾಟೋಷ್ಟರಲ್ಲಿ ಹತ್ತು ಜನ ಎಲ್ಲಿಗೆ ಶಕುಂತಲಕ್ಕ, ಎಲ್ಲಿಗೆ ಅಂತಾರೆ. ಹೂವು ತರೋಕೆ ಅಂದ್ರೆ ನಾವೇ ತರಿಸ್ಕೊಡ್ತೀವಿ ಅಂತಾರೆ. ಒಳ್ಳೇ ಜನಾನೇ. ನಾನು ತಿರುವಿಗೆ ಹೋಗೋದ್ರೊಳಗೆ ನಿಮ್ಮಾವನ ಫೋನು ಬಂದಿರುತ್ತೆ, ಎಳೆ ಕಡೀತು, ಬಂದು ಗಂಟು ಹಾಕು ಅಂತ. ಅವರಿಗೂ ಕಣ್ಣು ಕಾಣಲ್ಲ, ಏನ್ ಮಾಡ್ತಾರೆ? ಇವತ್ತು ಸೆರಗು ತಲೆ ಮೇಲೆ ಹಾಕ್ಕೊಂಡೆ, ಫೋನ್ ಇಲ್ಲೇ ಬಿಟ್ಟೆ, ಹೊರಟೆ. ಎಲ್ರೂ ನೋಡಿದ್ರು, ನಕ್ರು. ಯಾರೂ ಎಲ್ಲಿಗೆ ಅನ್ಲಿಲ್ಲ. ಹುಲೀನ ಯಾರು ಕೇಳ್ತಾರೆ?"

"ಬಸ್‌ಸ್ಟ್ಯಾಂಡಲ್ಲಿ ಏನ್ ಮಾಡಿದ್ರಿ ಅತ್ತೆ?"

"ಕೂತಿದ್ದೆ. ಘಾಟಿ ಬಸ್ಸು ಬಂತು, ಹೋಯ್ತು. ನೆಲಮಂಗಲದ್ದು ಬಂತು, ಹೋಯ್ತು. ಹತ್ತಲಿಲ್ಲ ಕಣಮ್ಮ, ಧೈರ್ಯ ಬರ್ಲಿಲ್ಲ. ಎದುರಿಗೆ ಹೋಟ್ಲಿತ್ತು. ಒಬ್ಳೇ ಹೋಗಿ ಕೂತು ಮಸಾಲೆ ದೋಸೆ ತಿಂದೆ. ಬಿಸಿ ಇತ್ತು."

ಕೊನೆಯ ಮಾತನ್ನು ಎರಡು ಸಲ ಹೇಳಿದರು.

* * *

ಅನಿತ ಅಕ್ಷತಳನ್ನು ಪಕ್ಕದ ಓಣಿಯಿಂದ ಹಿತ್ತಲಿಗೆ ಕರೆದುಕೊಂಡು ಬಂದಳು. ನೀರಿನ ತೊಟ್ಟಿಯ ಪಕ್ಕ ನಿಂತಾಗ ಹುಡುಗಿಯ ಕಣ್ಣು ತುಂಬಿತ್ತು.

"ಸಾರಿ ಅಕ್ಕ. ಗೊತ್ತಿದ್ರೆ ಹಿಂಗೆ ಬಣ್ಣದ ಬಾಕ್ಸ್ ತಗೊಂಡು ಬರ್ತಿರ್ಲಿಲ್ಲ. ಬೆಳಿಗ್ಗೆಯಿಂದ ಅಜ್ಜಿ ನಂಬರ್‌ಗೆ ಮಾಡ್ತಿದ್ದೆ, ಎತ್ತಲೇ ಇಲ್ಲ."

"ಅತ್ತೆಗೆ ನೀನ್ಯಾಕೆ ಫೋನ್ ಮಾಡ್ತಿದ್ದೆ?"

"ಅವರೇ ಬರೋಕೆ ಹೇಳಿದ್ದು. ಆವತ್ತು ನನ್ ಕಾರ್ಡ್ ಇಸ್ಕೊಂಡಿದ್ರು. ಬುಧವಾರ ಫೋನ್ ಮಾಡಿ, ಭಾನುವಾರ ಹನ್ನೊಂದು ಗಂಟೆಗೆ ಬಾ, ಮನೇವ್ರೆಲ್ಲ ಸೂಲಿಬೆಲೆಗೆ ಮದ್ವೆಗೆ ಹೋಗಿರ್ತಾರೆ, ನಾನೊಬ್ಳೇ ಇರ್ತೀನಿ ಅಂದ್ರು."

ಸೂಲಿಬೆಲೆಯ ಮದುವೆ ಇವತ್ತೇ ಇತ್ತು. ಮುಂದೆ ಕೂತಿದ್ದ ನೆಂಟರಲ್ಲಿ ಕೆಲವರು ಮದುವೆಗೆಂದು ಹೊರಟು ಅರ್ಧ ದಾರಿಯಿಂದ ತಿರುಗಿ ಬಂದವರು. ಕಳೆದ ವಾರವೆಲ್ಲ ಅತ್ತೆ ಮಂಡಿ ನೋವು, ಮದುವೆಗೆ ಬರಲಾರೆ ಎನ್ನುತ್ತಿದ್ದರು. ಅನಿತ ಮೆಡಿಕಲ್ ಸ್ಟೋರಿನಿಂದ ಮುಲಾಮು ತಂದು ದಿನಾ ಸಂಜೆ ಮಂಡಿಗೆ ತಿಕ್ಕಿದ್ದಳು. ಅತ್ತೆ ಹಾಯೆನಿಸಿದವರಂತೆ ಕಾಲು ಚಾಚಿ ಕೂತಿರುತ್ತಿದ್ದರು.

"ಮತ್ತೆ ಹುಲಿ ಬರೀಬೇಕಿತ್ತಾ?"

"ಇಲ್ಲ ಅಕ್ಕ. ಹುಲಿ ಬೇಡ, ಹುಲೀನ ಎಲ್ರೂ ತಿರುಗಿ ನೋಡ್ತಾರೆ ಅಂದ್ರು. ಗುರುತೂ ಸಿಗಬಾರದು, ಯಾರೂ ನೋಡಲೂಬಾರದು, ಹಂಗೆ ಏನಾದ್ರೂ ಬರೆಯಾಕಾಗುತ್ತಾ ಅಂತ ಕೇಳಿದ್ರು." ಅಕ್ಷತ ದುಪಟ್ಟದಲ್ಲಿ ಮೂಗು ಒರೆಸಿಕೊಂಡಳು. "ನೋಡೋಣ ಅಜ್ಜಿ, ಬರ್ತೀನಿ ಅಂದೆ. ನಿನ್ನೆಯೆಲ್ಲ ಯೋಚ್ನೆ ಮಾಡಿದೆ. ಬೇರೆ ಇನ್ಯಾರದೋ ಮುಖದ ಥರ ಬರೀಬಹುದು ಅನ್ಸ್ತು. ಸುಮ್ನೆ ಯಾರೋ ಒಬ್ರು ಹೆಂಗಸು."

"ಎಲ್ಲಿಗ್ ಹೋಗ್ತೀನಿ ಅಂದಿದ್ರಾ?"

"ಕೇಳ್ಲಿಲ್ಲ. ಕೇಳ್ದೇ ಇದ್ದಿದ್ದಕ್ಕೇ ಅವರಿಗೆ ನಾನು ಇಷ್ಟ ಆದೆ ಅನ್ಸುತ್ತೆ."

ಮುಂದಿನಿಂದ ತಮಟೆಯ ಸದ್ದು ಶುರುವಾಯಿತು. ಅಕ್ಷತ ಒಂದು ಸಲ ಮುಖ ನೋಡಬಹುದೇ ಎಂದು ಕೇಳಿದಳು. ಅನಿತ ಕರೆದುಕೊಂಡು ಹೋದಳು. ಹೊಸ ರೇಷ್ಮೆ ಸೀರೆಯುಟ್ಟು, ಮುಖದ ತುಂಬ ಅರಿಶಿನ, ಹಣೆಗೆ ಕಾಸಗಲ ಕುಂಕುಮ ಹೊತ್ತು ಶಕುಂತಲಮ್ಮ ಮಲಗಿದ್ದರು. ಅಕ್ಷತ ಕಾಲು ಮುಟ್ಟಿ ನಮಸ್ಕರಿಸಿ, ಸೂಟ್‌ಕೇಸು ಎತ್ತಿಕೊಂಡು ಹೊರಟುಹೋದಳು.

* * *

ಗಂಡಸರು ಹೆಣ ಎತ್ತಿಕೊಂಡು ಹೋದರು. ಹೆಂಗಸರು ಮನೆ ತೊಳೆದರು. ಪಕ್ಕದ ಮನೆಯವರು ಅನ್ನ ಸಾರು ತಂದಿಟ್ಟರು. ಪಿಳ್ಳಮ್ಮ ಅನಿತಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಒದ್ದೆ ಕೂದಲನ್ನು ತಾವೇ ಟವೆಲ್ಲಿನಿಂದ ಒರೆಸತೊಡಗಿದರು.

"ನಾಳೆ ನಿನ್ ಆಫೀಸಿಗೆ ಫೋನ್ ಮಾಡ್ಬಿಡು."

"ತಿಥಿ ಆಗೋವರೆಗೂ ರಜ ಹೇಳಿದೀನಿ ದೊಡ್ಡಮ್ಮ."

"ರಜ ಅಲ್ಲಮ್ಮ. ಬರಾಕಾಗಲ್ಲ ಅಂತಾನೇ ಹೇಳು. ನಾಲ್ಕು ಮಗ್ಗ ಐತೆ. ರಾಜೇಂದ್ರ ಸೀರೆ ತಗೊಂಡು ಅಂಗಡಿ ಅಂಗಡಿ ಅಲೀಬೇಕು. ನಮ್ಮ ತಮ್ಮಂಗೆ ಎಳೆ ಕಾಣ್ಸಲ್ಲ. ಇನ್ಯಾರವ್ರೆ ನೀನೇ ಹೇಳು?"

"ಯೋಚ್ನೆ ಮಾಡ್ತೀನಿ."

"ಇದ್ರಾಗೆ ಯೋಚ್ನೆ ಏನೈತೆ?" ಪಿಳ್ಳಮ್ಮನ ದನಿಯಲ್ಲಿ ಗದರಿಕೆ ಇರಲಿಲ್ಲ, ಅವಳ ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡಿದ್ದರು. ಆ ಭುಜ ಬೆಚ್ಚಗಿತ್ತು. ಅನಿತಳಿಗೆ ಅಲ್ಲಿಂದ ಏಳಲೂ ಆಗಲಿಲ್ಲ, ಒರಗಿರಲೂ ಆಗಲಿಲ್ಲ.

ಸ್ಮಶಾನದಿಂದ ಬಂದ ರಾಜೇಂದ್ರ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಾಗ ಅವಳು ಕೇಳಿದಳು. "ದೊಡ್ಡಮ್ಮ ಹೇಳಿದ್ದಕ್ಕೆ ನೀವೇನಂತೀರಾ?"

"ಇವತ್ತು ಬೇಡ ಅನಿತ."

"ನಾಳೆ?"

ಅವನು ಮುಖಕ್ಕೆ ನೀರು ಎರಚಿಕೊಂಡ. ಮತ್ತೆ ಎರಚಿಕೊಂಡ. ಮುಖ ಒರೆಸದೆ ಒಳಗೆ ಹೋದ.

ದಿನಾ ಬೆಳಿಗ್ಗೆ ಏಳೂವರೆಗೆ ಬಾಗಿಲಲ್ಲಿ ಡಬ್ಬಿ ಕೈಗಿಟ್ಟು ಅತ್ತೆ ಹೇಳುತ್ತಿದ್ದುದು ಒಂದೇ ಮಾತು: "ನೀನು ಹೊರಡಮ್ಮ, ನಾನು ನೋಡ್ಕೋತೀನಿ." ಅತ್ತೆ ಏನನ್ನು ನೋಡಿಕೊಳ್ಳುತ್ತಾರೆ ಎಂದು ಅನಿತ ಒಮ್ಮೆಯೂ ಕೇಳಿರಲಿಲ್ಲ. ಬಸ್ಸು ತಪ್ಪುತ್ತದೆಂಬ ಗಾಬರಿಯಲ್ಲಿ ಓಡಿಬಿಡುತ್ತಿದ್ದಳು. ಈ ಒಂಬತ್ತು ವರ್ಷ ತಾನು ಬೀದಿ ದಾಟುವಾಗ ಯಾರೂ ಎಲ್ಲಿಗೆ ಎಂದು ಕೇಳಿದ್ದಿಲ್ಲ. ಕೇಳುವವರಿಗೆಲ್ಲ ಮನೆಯೊಳಗೆ ಇನ್ನೊಬ್ಬರಿದ್ದಾರೆಂದು ಗೊತ್ತಿತ್ತು.

ಸಂಜೆ ಐದರ ಹೊತ್ತಿಗೆ ನೆಂಟರು ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಮೂಲೆಯಲ್ಲಿ ದೀಪ ಉರಿಯುತ್ತಿತ್ತು. ಧನುಶ್ರೀ ಅನಿತಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಆಗ ಹಿಂದಿನ ಶೆಡ್ಡಿನಿಂದ ಒಂದು ಮಗ್ಗ ಹೊರಟ ಸದ್ದು ಬಂತು.

ಸೂತಕದ ಮನೆಯಲ್ಲಿ ಮಗ್ಗ ಹಾಕುತ್ತಾರೆಯೇ ಎಂದು ಯಾರೋ ಪಿಸುಗುಟ್ಟಿದರು. ರಾಜೇಂದ್ರ ಅರ್ಧ ಎದ್ದವನು ಮತ್ತೆ ಕೂತ. "ಬಿಡು," ಎಂದರು ಪಿಳ್ಳಮ್ಮ, "ಇನ್ನೇನ್ ಮಾಡಾನು ಪಾಪ." ಸದ್ದು ಒಂದೇ ಹದದಲ್ಲಿ ಕೆಲವು ನಿಮಿಷ ನಡೆಯಿತು. ಕೋಣೆಯ ನೆಲ ಅದರೊಂದಿಗೆ ಸಣ್ಣಗೆ ಅದುರುತ್ತಿತ್ತು. ಆಮೇಲೆ ಫಕ್ಕನೆ ನಿಂತಿತು.

"ಏಯ್," ಎಂಬ ಕೂಗು ಕೇಳಿತು. "ಬಾ ಇಲ್ಲಿ."

ಹೆಂಡತಿಯನ್ನು ಮಾವ ಹೆಸರು ಹಿಡಿದು ಕರೆದದ್ದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಈ ಮನೆಯಲ್ಲಿ ಆ ಕೂಗಿಗೆ ಏಳುತ್ತಿದ್ದವರು ಒಬ್ಬರೇ.

ಯಾರೂ ಅಲುಗಲಿಲ್ಲ. ಎರಡನೇ ಸಲ ಕೂಗು ಬರಲಿಲ್ಲ. ಮಗಳು ಚಾಪೆಯ ಮೇಲೆ ಹೊರಳಿ ಮುಲುಗಿದಾಗಲೇ ಅನಿತಳಿಗೆ ತಾನು ಎದ್ದು ನಿಂತಿರುವುದು ತಿಳಿದದ್ದು. ನೆಂಟರೆಲ್ಲ ಅವಳನ್ನೇ ನೋಡುತ್ತಿದ್ದರು; ಹತ್ತಿರ ಕೂತಿದ್ದ ಹೆಂಗಸೊಬ್ಬರು ದಾರಿ ಬಿಡಲು ಕಾಲು ಮಡಚಿಕೊಂಡರು. ಅನಿತ ಅಡುಗೆಮನೆ ದಾಟಿ, ಎರಡು ಮೆಟ್ಟಿಲಿಳಿದು ಶೆಡ್ಡಿನ ಬಾಗಿಲಿಗೆ ಬಂದಳು.

ವೆಂಕಟರಮಣಪ್ಪನವರು ಟ್ಯೂಬ್‌ಲೈಟಿನ ಕೆಳಗೆ ಮಗ್ಗದ ಮೇಲೆ ಬಗ್ಗಿದ್ದರು. ತಲೆಯ ನೀರು ಇನ್ನೂ ಆರಿರಲಿಲ್ಲ. ಹೆಜ್ಜೆಯ ಸದ್ದು ಕೇಳಿಯೂ ಅವರು ತಿರುಗಲಿಲ್ಲ. ಎರಡು ಬೆರಳ ನಡುವೆ ಕಡಿದ ಎಳೆಯ ತುದಿಯನ್ನು ಹಿಡಿದು, ಕೈಯನ್ನು ಪಕ್ಕಕ್ಕೆ ಚಾಚಿ, ಹಾಗೆಯೇ ನಿಂತಿದ್ದರು.