ಏಳು ಗಂಟೆಯ ಮನೀಷಾ

ಸಂಜೆ ಏಳಾಯಿತೆಂದರೆ ಉಮಾಬಾಯಿಯ ಮನೆಯಲ್ಲಿ ಯಾರೂ ಹುಟ್ಟುವಂತಿಲ್ಲ, ಸಾಯುವಂತಿಲ್ಲ. ಸೊಲ್ಲಾಪುರದ ಟವೆಲ್ ವ್ಯಾಪಾರಿ ಕಲ್ಯಾಣಪ್ಪ ಆಕೆಯ ಗಂಡ. ಅಂಗಡಿಯಿಂದ ಎಷ್ಟೇ ಹಸಿದು ಬಂದರೂ ಆತನಿಗೆ ತಾಟು ಸಿಗುವುದು ಅರ್ಧ ತಾಸಿನ ಮೇಲೆಯೇ. ಎದುರಿಗೆ ಟಿವಿಯಲ್ಲಿ ಮರಾಠಿ ಧಾರಾವಾಹಿ, ತೊಡೆಯ ಮೇಲೆ ಫೋನು, ಫೋನಿನ ಸ್ಪೀಕರಿನಲ್ಲಿ ವಾಗದರಿಯಿಂದ ಅಕ್ಕ ಗುರಮ್ಮ. ಅಲ್ಲಿ ಅಕ್ಕ, ಇಲ್ಲಿ ತಂಗಿ, ಇಬ್ಬರೂ ಕೂಡಿಯೇ ನೋಡಬೇಕು. ನೋಡುವುದು ಮರಾಠಿ, ಬಯ್ಯುವುದು ಮಾತ್ರ ಕನ್ನಡ. ಅವ್ವ ಕಲಿಸಿದ ಬೈಗುಳದ ರುಚಿ ಬೇರೆ ಭಾಷೆಗೆಲ್ಲಿಂದ ಬರಬೇಕು!

ಆ ಧಾರಾವಾಹಿಯ ಮನೆಮುರುಕಿ ಸೊಸೆಯ ಹೆಸರು ಮನೀಷಾ. ಗುರಮ್ಮನ ಸ್ವಂತ ಸೊಸೆಯ ಹೆಸರೂ ಮನೀಷಾ. ಇದರಿಂದ ಯಾರಿಗೂ ತೊಡಕಾಗಿರಲಿಲ್ಲ. ವಾಗದರಿಯ ಮನೀಷಾ ರೊಟ್ಟಿ ಬಡಿಯುತ್ತಲೇ, “ಅತ್ತೀ, ಇವತ್ತ ನಾ ಏನ ಮಾಡೀನ್ರಿ?” ಎಂದು ಕೂಗಿ ಕೇಳುವಳು. “ಮಾವಗ ವಿಷಾ ಹಾಕೀದಿ ನೋಡವ್ವಾ,” ಎಂದು ಗುರಮ್ಮ ಹೇಳುವಳು. ಅತ್ತೆ ಸೊಸೆ ಇಬ್ಬರೂ ಬಿದ್ದು ಬಿದ್ದು ನಗುವರು. ಆ ನಗು ಸೊಲ್ಲಾಪುರದ ತನಕ ಕೇಳಿಸುತ್ತಿತ್ತು.

ಹಾಳಾದ್ದು, ಉಮಾಬಾಯಿಯ ಸೊಸೆ ಪೂನಮಳಿಗೆ ಇದನ್ನೊಂದು ರೀಲ್ ಮಾಡುವ ಹುಕಿ ಬಂತು. ಅತ್ತೆಯ ಮುಖವನ್ನೂ ಸ್ಪೀಕರಿನ ಮಾತನ್ನೂ ತನ್ನ ಮೊಬೈಲಿನಲ್ಲಿ ಹಿಡಿದಳು. ಗುರಮ್ಮ ಅಂದು ಭಾರೀ ಬಿಸಿಯಲ್ಲಿದ್ದಳು: “ಈ ಮನೀಷಾ ಉಂಡ ಮನಿ ಜಂತಿ ಎಣಸಾಕಿ!” ಉಮಾಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು: “ಆ ಹೆಸರೇ ಹಂಗ ಬಿಡಕ್ಕಾ. ಆ ಹೆಸರಿನಾಕಿ ಯಾವಾಕಿ ನೆಟ್ಟಗ ಅದಾಳ?” ಆ ಕಡೆಯಿಂದ ಗುರಮ್ಮ, “ಹೂಂ,” ಎಂದಳು.

ಮರುದಿನ ಪೂನಮ ಅದನ್ನು ತೋರಿಸಿದಾಗ ಉಮಾಬಾಯಿಗೆ ಬಲು ಖುಷಿ. ತನ್ನ ಮುಖ ಚೆಂದ ಬಂದಿದೆ ಎಂಬುದೊಂದನ್ನೇ ಆಕೆ ನೋಡಿದ್ದು. “ಹಾಕ್ಲೇನ್ರಿ ಅತ್ತಿ?” ಎಂದು ಪೂನಮ ಕೇಳಿದಳು. “ಹಾಕವ್ವಾ, ನಮ್ಮದೇನ ಗಂಟ ಹೋಗ್ತದ?” ಎಂದಳು ಉಮಾಬಾಯಿ. ಧಾರಾವಾಹಿಯ ದನಿ ಇದ್ದರೆ ಕಾಪಿರೈಟ್ ಎಂದು ತೆಗೆದುಹಾಕುತ್ತಾರಂತೆ. ಅದಕ್ಕೇ ಪೂನಮ ಜಾಣತನದಿಂದ ಟಿವಿಯ ಸದ್ದನ್ನೆಲ್ಲ ಕತ್ತರಿಸಿದಳು. ಹೀಗೆ ಟಿವಿ ಹೋಯಿತು, ಮನೀಷಾ ಉಳಿದಳು.

ರೀಲ್ ಓಡಿತು ನೋಡಿ, ಓಡಿ ನೆಟ್ಟಗೆ ವಾಗದರಿಗೇ ಹೋಯಿತು. ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚಿ ನಿಂತಿದ್ದ ಮನೀಷಾಗೆ ಯಾರೋ ತೋರಿಸಿದರು. ಗಿರಣಿಯ ತುಂಬ ನಗು. ಆಕೆ ಹಿಟ್ಟಿನ ಡಬ್ಬಿ ತಂದು ಅಡಿಗೆಮನೆಯಲ್ಲಿಟ್ಟಳು, ಬ್ಯಾಗಿಗೆ ನಾಲ್ಕು ಸೀರೆ ತುಂಬಿಕೊಂಡಳು, ತವರುಮನೆ ವಳಸಂಗಕ್ಕೆ ಹೊರಟುಹೋದಳು. ಗಂಡ ಶೈಲೇಶ ಕರೆಯಲು ಹೋಗಿ ಬರಿಗೈಲಿ ಬಂದ.

ಗುರಮ್ಮ ಹಾಡುಹಗಲೇ ಫೋನ್ ಮಾಡಿದಳು. ಅವಳದು ಗುಂಡಿ ಒತ್ತುವ ಹಳೆಯ ಫೋನು. ರೀಲ್ ಎಂದರೆ ಏನೆಂದೇ ಅವಳಿಗೆ ಗೊತ್ತಿರಲಿಲ್ಲ. “ಉಮಾ, ಹಿಡ್ಯಾಕತ್ತೀವಿ ಅಂತ ನನಗೊಂದ ಮಾತ ಹೇಳಿದ್ರ ಬಾಯಿ ಮುಚಗೊಂಡ ಕೂಡತಿದ್ನೆಲ್ಲ? ಮಗಳಿದ್ದಂಗ ಇದ್ದಳ. ಈಗ ಅಕಿ ನನ್ನ ಮನಿಗಿ ತಿರಗಿ ಬರ್ತಾಳೇನ?”

ಉಮಾಬಾಯಿ ಫೋನಿಟ್ಟು ಮನೆಮಂದಿಗೆಲ್ಲ ಹೇಳಿದಳು. ಆದರೆ ಮನೆಯಲ್ಲಿ ತಪ್ಪು ತಮ್ಮದೆಂದು ಒಬ್ಬರೂ ಅನ್ನಲಿಲ್ಲ. “ಈ ಮೊಬೈಲ್ ಬಂದ ಮ್ಯಾಲೇ ಸಂಸಾರ ಹಾಳಾದ್ವು,” ಎಂದ ಕಲ್ಯಾಣಪ್ಪ, ಮೊಬೈಲಿನಲ್ಲಿ ಕುಸ್ತಿ ನೋಡುತ್ತಲೇ. “ನಾ ಬರೇ ಹಾಕೀನ್ರಿ, ಓಡಿಸಿದವರು ಮಂದಿ,” ಎಂದಳು ಪೂನಮ. “ಧಾರಾವಾಹಿ ಬರದಾಂವಗ ಬ್ಯಾರೆ ಹೆಸರ ಸಿಗಲಿಲ್ಲೇನ?” ಎಂದು ಉಮಾಬಾಯಿ ರೇಗಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಮನೆಯಲ್ಲಿ ಮೂವರಿಗೂ ನೆಲ ಡೊಂಕೇ ಆಗಿತ್ತು.

ಕಡೆಗೆ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದುಕೊಂಡು ಉಮಾಬಾಯಿ ಒಬ್ಬಳೇ ವಳಸಂಗದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಅದು ಟಿವಿಯ ಮನೀಷಾ, ನೀ ಅಲ್ಲ ಎಂದು ತಿಳಿಸಿ ಹೇಳಿದರೆ ಆಯಿತು. ಹುಡುಗಿ ಶಾಣ್ಯಾ ಇದ್ದಾಳೆ, ನಕ್ಕುಬಿಡುತ್ತಾಳೆ.

ಮನೀಷಾ ನೀರು ತಂದು ಕೊಟ್ಟಳು, ಕಾಲಿಗೆ ನಮಸ್ಕಾರ ಮಾಡಿದಳು, ಗೋಡೆಗೆ ಆತು ಕುಳಿತಳು. ಉಮಾಬಾಯಿ ಜೋಡಿಸಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಮನೀಷಾ ನಗಲಿಲ್ಲ.

“ಅತ್ತಿ ಬೈದದ್ದು ಟಿವಿ ಮನೀಷಾಗ ಅಂತ ನನಗ ಗೊತ್ತದ ಸಣ್ಣತ್ತಿ. ಆ ಎಪಿಸೋಡ್ ನಾನೂ ಕೇಳೀನಿ, ರೊಟ್ಟಿ ಬಡಕೋತ. ಮಂದಿ ನಕ್ಕರೂ ನಾ ತಾಳಕೋತಿದ್ದೆ. ಆದ್ರ ಆ ಹೆಸರಿನಾಕಿ ಯಾವಾಕಿ ನೆಟ್ಟಗ ಅದಾಳ ಅಂದ್ರೆಲ್ಲ ನೀವು, ಅದು ಟಿವಿ ಮಾತಲ್ಲ. ಅದಕ್ಕ ಅತ್ತಿ ಹೂಂ ಅಂದ್ರು. ಆ ಹೂಂ ಯಾರಿಗ್ರಿ?”

ಉಮಾಬಾಯಿ ಎಷ್ಟು ಸಲ ಆ ರೀಲ್ ನೋಡಿದ್ದಳು! ತನ್ನ ಮುಖ ನೋಡಿದ್ದಳೇ ಹೊರತು ತನ್ನ ಮಾತನ್ನು ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

“ಅಕ್ಕ ಎಲ್ಲಾಕ್ಕೂ ಹೂಂ ಅಂತಾಳ ನನ್ನವ್ವಾ,” ಎಂದಳು ಕೊನೆಗೆ. “ಮಳಿ ಬಂತಂದ್ರೂ ಹೂಂ, ಹೋತಂದ್ರೂ ಹೂಂ. ಅಕೀದೇನೂ ತಪ್ಪಿಲ್ಲ. ಅಂದಾಕಿ ನಾ. ನಗು ಬರ್ಲಿ ಅಂತ ಅಂದೆ. ಹಾಕು ಅಂತ ಹೇಳದಾಕೀನೂ ನಾನೇ.”

“ಇದನ್ನೂ ಯಾರರೆ ಮೊಬೈಲಿನ್ಯಾಗ ಹಿಡ್ಯಾಕತ್ತಾರೇನ್ರಿ?” ಎಂದು ಮನೀಷಾ ಕೇಳಿದಳು. ಉಮಾಬಾಯಿಯ ಕಣ್ಣಿಂದ ದಳದಳ ನೀರು ಇಳಿಯಿತು. ಅದನ್ನು ನೋಡಿ ಹುಡುಗಿ ಮೆತ್ತಗಾದಳು. “ಅಳಬ್ಯಾಡ್ರಿ. ಅತ್ತೀಗಿ ಸೊಂಟ ಹಿಡದದ, ಒಬ್ರೇ ರೊಟ್ಟಿ ಬಡ್ಯಾಕತ್ತಾರ. ನಾಳಿ ನಾ ಹೋಗ್ತೀನಿ. ಆದ್ರ ಒಂದ ಮಾತ ನಡಸಿಕೊಡ್ರಿ. ಏಳಕ್ಕ ಫೋನ್ ಹಚ್ಚಬ್ಯಾಡ್ರಿ. ಇನ್ನ ಮ್ಯಾಲ ನೀವಿಬ್ರೂ ನಕ್ಕಾಗೆಲ್ಲ ನನಗೇ ನಗಾಕತ್ತೀರಿ ಅನಸ್ತದ.”

“ಹೂಂ,” ಎಂದಳು ಉಮಾಬಾಯಿ. ಹೊರಡುವಾಗ ಮನೀಷಾ ಕುಂಕುಮ ಹಚ್ಚದೆ ಬಿಡಲಿಲ್ಲ. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮನೀಷಾ ಮಾತಿನಂತೆ ವಾಗದರಿಗೆ ಮರಳಿದಳು. ಪೂನಮ ರೀಲ್ ಅಳಿಸಿದಳು, ಆದರೆ ಅದಾಗಲೇ ಯಾರ ಯಾರ ಫೋನು ಸೇರಿತ್ತೋ ದೇವರೇ ಬಲ್ಲ. ಅಕ್ಕ ತಂಗಿ ಈಗ ಮುಂಜಾನೆ ಮಾತಾಡುತ್ತಾರೆ. ಆರಾಮ? ಆರಾಮ. ಅಷ್ಟೇ, ಮುಂದೆ ಇಬ್ಬರಿಗೂ ಏನು ಹೇಳಬೇಕೋ ತಿಳಿಯುವುದಿಲ್ಲ.

ಮೊನ್ನೆ ಏಳಕ್ಕೆ ಉಮಾಬಾಯಿ ಟಿವಿ ಹಚ್ಚಿದಳು. ಟಿವಿಯ ಮನೀಷಾ ಅತ್ತೆಯ ಕಾಲು ಹಿಡಿದು ಅಳುತ್ತಿದ್ದಳು. “ನೋಡಕ್ಕಾ, ಹೆಂಗ ನಾಟಕ ಮಾಡಾಕತ್ತಾಳ!” ಎಂದುಬಿಟ್ಟಳು ಉಮಾಬಾಯಿ, ರೂಢಿಯ ಮೇಲೆ. ತೊಡೆಯ ಮೇಲಿನ ಫೋನು ಹೂಂ ಎನ್ನಲಿಲ್ಲ.

“ನನಗಂದ್ರೇನ್ರಿ ಅತ್ತಿ?” ಎಂದು ಅಡಿಗೆಮನೆಯಿಂದ ಪೂನಮ ಹೆದರಿದ ದನಿಯಲ್ಲಿ ಕೇಳಿದಳು.

“ಇಲ್ಲವ್ವಾ, ನಿನಗಲ್ಲ,” ಎಂದು ಉಮಾಬಾಯಿ ಟಿವಿ ಆರಿಸಿದಳು. “ಮಾವಗ ತಾಟ ಹಾಕು.”

ಆ ದಿನ ಕಲ್ಯಾಣಪ್ಪನಿಗೆ ಏಳಕ್ಕೇ ಊಟ ಸಿಕ್ಕಿತು. ಹೆಂಡತಿಯ ಮುಖ ನೋಡಿದ ಮೇಲೆ ಆತ ಎರಡನೆಯ ರೊಟ್ಟಿ ಕೇಳಲಿಲ್ಲ.