ರೂನಿ ಸಾಹೇಬರ ಸಾವಿಗೆ ಮಲ್ಲಮ್ಮ ಹಾಡಿದ್ದು

೧
ಎಲ್ಲಿಂದ ಶುರು ಮಾಡಲಿ? ಮಳೆಯಿಂದ ಎಂದರೆ, ಮುಂಬಯಿ ಘಾಟಿನ ರೈಲ್ವೆ ಊರಾದ ಇಗತಪುರಿಯಲ್ಲಿ ಮಳೆ ಸುದ್ದಿಯೇ ಅಲ್ಲ. ಮದುವೆಯಿಂದ ಎಂದರೆ, ಈ ಕತೆಯಲ್ಲಿ ಮದುವೆಯಿಲ್ಲ. ಹೆಣದಿಂದಲೇ ಶುರು ಮಾಡುತ್ತೇನೆ; ಓದುಗರು ಸ್ವಲ್ಪ ಸರಿದು ಕೂಡಬೇಕು.

೧೯೬೬ರ ಜುಲೈ. ನಿವೃತ್ತ ರೈಲು ಡ್ರೈವರ್ ರೂನಿ ಸಾಹೇಬರು ಬೆಳಗಿನ ಚಹಾ ಅರ್ಧ ಕುಡಿದು ತೀರಿಕೊಂಡರು. ಘಾಟಿನಲ್ಲಿ ಗುಡ್ಡ ಕುಸಿದಿತ್ತು, ಮುಂಬಯಿಯ ನೆಂಟರು ಬರುವಂತಿರಲಿಲ್ಲ. ಹೆಂಡತಿ ಬ್ರಿಜೆಟ್ ಐರ್ಲೆಂಡಿನ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದವಳು.

೨
(ಇಲ್ಲಿ ಐರಿಶ್ ಸಾವಿನ ರಿವಾಜುಗಳ ಬಗ್ಗೆ ಎರಡು ಪುಟ ಬರೆದಿದ್ದೆ. ಗಡಿಯಾರ ನಿಲ್ಲಿಸುವುದು, ಕನ್ನಡಿ ಮುಚ್ಚುವುದು, ಹೆಣದ ಪಕ್ಕ ಕೂತು ಕುಡಿದು ನಗುವುದು. ಎಲ್ಲ ಲೈಬ್ರರಿ ಸರಕು. ಹರಿದು ಹಾಕಿದೆ.)

ಬ್ರಿಜೆಟ್‌ಗೆ ಬೇಕಾಗಿದ್ದದ್ದು ಒಂದೇ. ಅವಳ ಅಜ್ಜಿಯ ಕಾಲದಲ್ಲಿ ಹೆಣದ ತಲೆಯ ಬಳಿ ಕೂತು ಹಾಡಿ ಅಳುವ ಹೆಂಗಸರಿದ್ದರು. ಅವರು ಅಳದಿದ್ದರೆ ಸತ್ತವನಿಗೆ ಮರ್ಯಾದೆಯಿಲ್ಲ. ಪಕ್ಕದ ಕ್ವಾರ್ಟರ್ಸಿನ ಬಾಗಿಲು ಬಡಿದು ತನ್ನ ರೈಲ್ವೆ ಹಿಂದಿಯಲ್ಲಿ ಕೇಳಿದಳು: "ಮಲ್ಲಮ್ಮ, ತುಮ್ ಗಾಕೇ ರೋನಾ ಜಾನ್ತಾ?"

೩
ಮಲ್ಲಮ್ಮನಿಗೆ ಹಾಡಿ ಅಳಲು ಗೊತ್ತಿತ್ತು. ಬೀದರ ಕಡೆಯ ಅವಳ ಊರಿನಲ್ಲಿ ಅವಳ ದನಿಯಿಲ್ಲದೆ ಯಾವ ಹೆಣವೂ ಮನೆ ಬಿಡುತ್ತಿರಲಿಲ್ಲ. ಆದರೆ ಲೋಕೋ ಶೆಡ್ಡಿನಲ್ಲಿ ಫಿಟರ್ ಆಗಿದ್ದ ಗಂಡ ಭುಜಂಗ, ಅವಳು ಇಲ್ಲಿಗೆ ಬಂದ ವರ್ಷವೇ ಹೇಳಿಬಿಟ್ಟಿದ್ದ: "ಇದು ರೇಲ್ವೆ ಕ್ವಾರ್ಟರ್ಸ್ ಅದ, ಊರಲ್ಲ. ಇಲ್ಲಿ ಮಂದಿ ಸುಮ್ನ ಅಳ್ತಾರ."

ಅವಳು ಗಂಡನ ಮುಖ ನೋಡಿದಳು. ಅವನು ಕೊಡೆ ನೋಡಿದ. ಅವಳು ಹೋದಳು.

೪
ಹೆಣದ ತಲೆಯ ಬಳಿ ಸೆರಗು ಹೊದ್ದು ಕೂತು ಹಾಡು ಎತ್ತಿಕೊಂಡಳು:

"ಖಾರ ಕುಟ್ಟಿದರ ಬೈತಿದ್ದೆಲ್ಲೋ ಸಾಹೇಬಾ,
ಇವತ್ತ ಎಷ್ಟ ಕುಟ್ಟಿದರೂ ಏಳವಲ್ಲಿ."

ನೆರೆದ ಮರಾಠಿ ಹೆಂಗಸರು ಕಣ್ಣೊರೆಸಿಕೊಂಡರು. ಆ ಕೋಣೆಯಲ್ಲಿ ಕನ್ನಡ ತಿಳಿಯುತ್ತಿದ್ದವರು ಇಬ್ಬರೇ, ಅವಳು ಮತ್ತು ಬಾಗಿಲಲ್ಲಿ ನಿಂತ ಭುಜಂಗ.

ಕತೆ ಬರೆಯುವ ನಾನು ಇನ್ನೆರಡು ಸಾಲು ಹಾಡಿಸಿ ಅವಳನ್ನು ಎಬ್ಬಿಸೋಣವೆಂದಿದ್ದೆ. "ಸಾಕು ಮಲ್ಲಮ್ಮ" ಎಂದೆ. "ನಿಮಗೇನ್ ಗೊತ್ತರಿ, ಸುಮ್ನ ಬರಕೋರಿ" ಎಂದಳು.

"ಹಡದವ್ವ ಸತ್ತ ತಾರು ಅಂಗಿ ಕಿಸೇದಾಗ ಮಲಗಿತ್ತ,
ಮೂರ ದಿನ ಮಲಗಿತ್ತ, ಒಗಿಯಾಗ ಕೈಗಿ ಸಿಕ್ಕಿತ್ತ.
ನೀ ಓದಿ ಹೇಳಿದಿ ಸಾಹೇಬಾ, ಚಾ ಕೊಟ್ಟು ಕೂಡಿಸಿದಿ,
ಒಬ್ಬರ ಮುಂದೂ ಆಡದೆ ಹೊಂಟಿ."

೫
ನಡೆದದ್ದು ಇಷ್ಟು. ಹಿಂದಿನ ಮಳೆಗಾಲದಲ್ಲಿ ಅವಳ ತಾಯಿ ತೀರಿಕೊಂಡಳೆಂಬ ತಾರು, ಅಂದರೆ ತಂತಿ, ಶೆಡ್ಡಿಗೆ ಬಂದಿತ್ತು. ಭುಜಂಗನಿಗೆ ರಜೆ ಸಿಗಲಿಲ್ಲ. ಹೇಳಲು ಧೈರ್ಯ ಸಾಲದೆ ಜೇಬಿನಲ್ಲಿಟ್ಟುಕೊಂಡ. ಮೂರನೆಯ ದಿನ ಬಟ್ಟೆ ಒಗೆಯುವಾಗ ಅದು ಮಲ್ಲಮ್ಮನ ಕೈಗೆ ಬಂತು. ಓದಲು ಬಾರದ ಅವಳು ಅದನ್ನು ರೂನಿ ಸಾಹೇಬರ ಬಳಿ ಒಯ್ದಳು. ಆಮೇಲೆ ಒಲೆಯ ಮುಂದೆ ಹಿಡಿದು ಒಣಗಿಸಿ, ಮತ್ತೆ ಅದೇ ಜೇಬಿನಲ್ಲಿಟ್ಟಳು. ಅಂದು ಸಂಜೆ ಭುಜಂಗ, "ಇವತ್ತ ತಾರ್ ಬಂತು" ಎಂದ. ಅವಳು ಕ್ವಾರ್ಟರ್ಸಿನ ಪದ್ಧತಿಯಂತೆ ಸುಮ್ಮನೆ ಅತ್ತಳು. ಒಂದು ವರ್ಷ ಬಾಯಿ ಬಿಡಲಿಲ್ಲ.

೬
ಮಲ್ಲಮ್ಮನ ಊರ ಕಡೆ ಒಂದು ಕಟ್ಟಳೆಯಿದೆ: ಹಾಡಿ ಅಳುವವಳನ್ನು ಯಾರೂ ತಡೆಯಬಾರದು, ಎದುರು ಮಾತಾಡಬಾರದು. ಭುಜಂಗ ಕೊನೆಯ ಸಾಲಿನವರೆಗೂ ಕದಲದೆ ಕೇಳಿಸಿಕೊಂಡ.

ಹಾಡು ಮುಗಿದಾಗ ಬ್ರಿಜೆಟ್ ಅವನ ಎರಡೂ ಕೈ ಹಿಡಿದು, ಮಲ್ಲಮ್ಮ ಏನು ಹಾಡಿದಳೆಂದು ಕೇಳಿದಳು. "ಕಿತನಾ ಅಚ್ಛಾ ರೋಯಾ. ಕ್ಯಾ ಬೋಲಾ?"

"ಬೋಲೀ, ಸಾಹೇಬ್ ಸಚ್ಚಾ ಆದ್ಮೀ ಥಾ," ಎಂದ ಭುಜಂಗ. "ಔರ್ ಮೈಂ ಝೂಟಾ."

ಸಾಹೇಬರು ಸತ್ಯವಂತರು, ತಾನು ಸುಳ್ಳ; ದುಃಖದಲ್ಲಿ ಹೀಗೆಲ್ಲ ಆಡುತ್ತಾರೆಂದು ಬ್ರಿಜೆಟ್ ಅವನ ಬೆನ್ನು ಸವರಿದಳು.

೭
ಮುಕ್ತಾಯಗಳು. ಒಂದು: ಅವಳು ತವರಿಗೆ ಹೋಗಿಬಿಡುತ್ತಾಳೆ. ಎರಡು: ಅವನು ಕಾಲಿಗೆ ಬೀಳುತ್ತಾನೆ, ಅವಳು ಎತ್ತುತ್ತಾಳೆ. ಎರಡನ್ನೂ ಓದಿ ಹೇಳಿದೆ. ಮಲ್ಲಮ್ಮ ಅಕ್ಕಿ ಆರಿಸುತ್ತಾ, "ಯಾರ್ ಮನಿ ಸುದ್ದಿ ಇದು?" ಎಂದಳು.

ನಿಜವಾಗಿ ಆದದ್ದು ಇದು. ಸ್ಮಶಾನದಿಂದ ಮರಳಿದ ಭುಜಂಗ ಒದ್ದೆ ಬೂಟಿನಲ್ಲೇ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. "ಮಲ್ಲೀ, ಆ ತಾರು..."

"ಹಾಡಿನಾಗ ಅಂದದ್ದು ಮನ್ಯಾಗ ಆಡಬಾರದರಿ. ರಿವಾಜ್ ಅದ."

"ಮತ್ತ ನಾ ತಪ್ಪಾಯ್ತು ಅಂತ ಹ್ಯಾಂಗ ಹೇಳ್ಲಿ?"

ಅವಳು ರೊಟ್ಟಿ ತಿರುವಿ ಹಾಕಿದಳು. "ನಾ ಸತ್ತಾಗ ತಲಿ ಕಡಿ ಕೂತು ಹಾಡ್ರಿ. ಅಲ್ಲೀತನ ಕಲೀರಿ."

ಭುಜಂಗ ಕಲಿತನೇ? ಅದನ್ನು ಬರೆಯಬೇಕಾದರೆ ನಾನು ಮಲ್ಲಮ್ಮನನ್ನು ಸಾಯಿಸಬೇಕು. ಅದು ನನ್ನಿಂದಾಗದು.